ಆ ಮನೆ ಗುಡಿಸಿದವರನ್ನು ಕೇಳಿದ್ರಾ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಎರಡನೇ ಸಲಕ್ಕೆ ಸಿಟ್ಟು ಬಂತು. ಮೂರನೇ ಸಲಕ್ಕೆ ಹೊಟ್ಟೆ ಚುರುಕ್ ಅಂತು.

ಬರೆದವರಿಗೆ 46 ವರ್ಷ, ಬೆಂಗಳೂರಿನಲ್ಲಿ ಕೆಲಸ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಜ್ಜನ ಕಾಲದ ಹೆಂಚಿನ ಮನೆ ಇತ್ತು. ಅಜ್ಜ 1986ರಲ್ಲಿ ತೀರಿಕೊಂಡರು. 1998ರಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಮನೆ ಮಾರಿದರು. ಅವತ್ತು ಕೊಂಡವರು ಈಗ ಮಗಳ ಮನೆ ಸೇರುತ್ತಿದ್ದಾರಂತೆ, ಮನೆ ಮತ್ತು ಸುತ್ತಲಿನ 22 ಗುಂಟೆಗೆ 38 ಲಕ್ಷ ಹೇಳುತ್ತಿದ್ದಾರೆ. ಹೋದ ವರ್ಷ ಅಪ್ಪ ಹೋದರು. ಅಲ್ಲಿಂದ ಇವರಿಗೆ ಆ ಮನೆಯದೇ ಧ್ಯಾನ. ಹೆಂಡತಿಗೆ ಇಷ್ಟವಿಲ್ಲ. ಕೊಳ್ಳಲೋ ಬೇಡವೋ ಅಂತ ನನ್ನನ್ನು ಕೇಳಿದ್ದಾರೆ.

ನೋಡಿ, ನಿಮ್ಮ ಆಸೆ ತಪ್ಪಲ್ಲ. ಅಪ್ಪ ಹೋದ ಮೇಲೆ ಊರು ಕರೆಯುತ್ತದೆ, ಎಷ್ಟೋ ಜನ ನನಗೆ ಹೀಗೆ ಬರೆದಿದ್ದಾರೆ. "ಜಗುಲಿಯಲ್ಲಿ ಹತ್ತು ನಿಮಿಷ ಕೂತೆ, ನಾನು ಯಾರು ಅಂತ ಗೊತ್ತಾಯಿತು" ಅಂದಿದ್ದೀರಿ. ನಂಬುತ್ತೇನೆ. ಜಗುಲಿಯ ಕಂಬ, ಅಡಿಕೆ ಹರಡುವ ಅಂಗಳ, ಬಚ್ಚಲ ಹಂಡೆಯಲ್ಲಿ ಕುದಿಯುವ ನೀರು, ಬೆನ್ನಿಗೆ ಉಜ್ಜಿದ ಸೀಗೆಪುಡಿ, ಮಳೆ ಹೊಯ್ಯುವ ರಾತ್ರಿ ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದೀರಿ.

ಆಮೇಲೆ ಮೂರನೇ ಪುಟದಲ್ಲಿ, ಬ್ಯಾಂಕಿನ ಬಡ್ಡಿ ಲೆಕ್ಕದ ಪಕ್ಕದಲ್ಲಿ ಒಂದು ಸಾಲು. "ಅಪ್ಪನ ಅಕ್ಕ ಒಬ್ಬರಿದ್ದಾರೆ, 1967ರಲ್ಲಿ ಗಂಡ ತೀರಿಕೊಂಡು ಮನೆಗೆ ಬಂದವರು, ಈಗ 82, ಶಿವಮೊಗ್ಗದಲ್ಲಿ ಚಿಕ್ಕಪ್ಪನ ಮಗನ ಮನೆಯಲ್ಲಿದ್ದಾರೆ, ಅವರಿಗೆ ಇದೆಲ್ಲ ಹೇಳಿಲ್ಲ."

ಅಷ್ಟೇ. ಜಗುಲಿ ಕಂಬಕ್ಕೆ ಒಂಬತ್ತು ಸಾಲು, ಅತ್ತೆಗೆ ಒಂದು.

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಹಂಡೆಗೆ ಬೆಳಗಿನ ಜಾವ ಎದ್ದು ಉರಿ ಹಾಕುತ್ತಿದ್ದವರು ಯಾರು? ಸೀಗೆಪುಡಿ ಕುಟ್ಟಿದ್ದು? ಹಲಸಿನ ತೊಳೆ ಬೇಯಿಸಿ, ಬೀಸಿ, ಒತ್ತಿ, ಮೇ ತಿಂಗಳ ಬಿಸಿಲಿಗೆ ಚಾಪೆ ಮೇಲೆ ಹಾಕಿ ಕಾಗೆ ಓಡಿಸುತ್ತ ಕೂತದ್ದು? ನಿಮ್ಮ ಅಮ್ಮ ಅಲ್ಲ, ನೀವೆಲ್ಲ ಭದ್ರಾವತಿಯಲ್ಲಿದ್ದು ರಜಕ್ಕೆ ಮಾತ್ರ ಬರುತ್ತಿದ್ದಿರಿ ಅಂತ ನೀವೇ ಹೇಳಿದ್ದೀರಿ. ಅಜ್ಜಿ ಬೇಗ ಹಾಸಿಗೆ ಹಿಡಿದರು ಅಂತಲೂ ಹೇಳಿದ್ದೀರಿ. ಉಳಿದವರು ಒಬ್ಬರೇ. ನಿಮಗೆ ನೆನಪಿರುವ ಮನೆ ಅಂದರೆ ಆ ಹೆಂಗಸಿನ ಕೈಕೆಲಸ. 1967ರಿಂದ 1998ರವರೆಗೆ, 31 ವರ್ಷ. ನಿಮ್ಮ ಅಪ್ಪ ಆ ಮನೆಯಲ್ಲಿ ಅಷ್ಟು ವರ್ಷ ಇರಲಿಲ್ಲ, ಚಿಕ್ಕಪ್ಪ ಇರಲಿಲ್ಲ, ನೀವಂತೂ ಇರಲೇ ಇಲ್ಲ.

ಮನೆ ಮಾರುವಾಗ ಅವರನ್ನು ಯಾರಾದರೂ ಕೇಳಿದ್ರಾ? "ಅತ್ತೆ ಏನೂ ಅನ್ನಲಿಲ್ಲ" ಅಂತ ಬರೆದಿದ್ದೀರಿ. ಏನು ಅನ್ನಬೇಕಿತ್ತು ಅವರು? ಅಣ್ಣತಮ್ಮಂದಿರು ಇಬ್ಬರೂ ಎದುರು ಕೂತು ರೇಟು ಮುಗಿಸಿ ಬಂದ ಮೇಲೆ, ಅಡುಗೆಮನೆ ಬಾಗಿಲಲ್ಲಿ ನಿಂತವರು ಏನು ಅನ್ನುತ್ತಾರೆ?

ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ. ತವರಿಗೆ ವಾಪಸ್ ಬಂದ ಮಗಳು ಅನ್ನದ ಋಣಕ್ಕೆ ಬಿದ್ದವಳಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ, ವಿಲ್ ಬರೆಯದೆ ತೀರಿಕೊಂಡ ತಂದೆಯ ಪಾಲಿನಲ್ಲಿ ಮಗಳಿಗೂ ಭಾಗ ಇತ್ತು. ವಾಸದ ಮನೆಯನ್ನು ಪಾಲು ಮಾಡಿಕೊಡಿ ಅಂತ ಮಾತ್ರ ಹೆಣ್ಣುಮಕ್ಕಳು ಕೇಳುವಂತಿರಲಿಲ್ಲ, ಗಂಡುಮಕ್ಕಳು ಪಾಲಾಗುವವರೆಗೂ ಕಾಯಬೇಕಿತ್ತು. ಆದರೆ ಅದೇ 23ನೇ ಸೆಕ್ಷನ್ನು ಗಂಡ ತೀರಿಕೊಂಡ ಮಗಳಿಗೆ ಆ ಮನೆಯಲ್ಲಿ ವಾಸ ಮಾಡುವ ಹಕ್ಕು ಕೊಟ್ಟಿತ್ತು. 2005ರಲ್ಲಿ ಆ ಸೆಕ್ಷನ್ನನ್ನೇ ತೆಗೆದು ಹಾಕಿದರು, ಹುಟ್ಟಿನಿಂದಲೇ ಸಮಪಾಲು ಬಂತು, ಅದು ಆಮೇಲಿನ ಮಾತು. ನಿಮ್ಮಜ್ಜ ವಿಲ್ ಬರೆಯದೆ ಹೋಗಿದ್ದರೆ, 1998ರಲ್ಲೂ ನಿಮ್ಮ ಅತ್ತೆ ಆ ಮನೆಯಲ್ಲಿ ಯಾರ ಹಂಗಿನಲ್ಲೂ ಇರಲಿಲ್ಲ. ಕೋರ್ಟಿಗೆ ಹೋಗಿ ಅಂತ ಹೇಳುತ್ತಿಲ್ಲ, ಇಷ್ಟು ವರ್ಷ ಆದ ಮೇಲೆ ಅದು ನಿಲ್ಲುವುದೂ ಕಷ್ಟ. ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಈಗ ನಿಮ್ಮ ಹೆಂಡತಿಯ ವಿಷಯ. "ಅಲ್ಲಿ ದಿನಾ ಕಸ ಯಾರು ಗುಡಿಸ್ತಾರೆ ಅಂತ ಕೇಳಿದಳು, ಅವಳಿಗೆ ನನ್ನ ಭಾವನೆ ಅರ್ಥ ಆಗಲ್ಲ" ಅಂದಿದ್ದೀರಿ. ನಿಮ್ಮ ಇಡೀ ಪತ್ರದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಹೆಂಚಿನ ಮನೆ ಬೀಗ ಹಾಕಿ ಇಡುವಂಥದ್ದಲ್ಲ. ಒಲೆಯ ಹೊಗೆ ಆಡದ ಮನೆಗೆ ಗೆದ್ದಲು ಬೇಗ ಬರುತ್ತದೆ. ವರ್ಷ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು, ಒಡೆದದ್ದು ಬದಲಾಯಿಸಬೇಕು, ಹೆಂಚಿನ ಕೆಳಗೆ ಕೊಳೆತ ಮರದ ರೀಪು ಪಕಾಸು ತೆಗೆಸಬೇಕು. ಆ ಕೆಲಸ ಗೊತ್ತಿರುವವರು ಈಗ ಊರಲ್ಲಿ ಒಬ್ಬಿಬ್ಬರು ಸಿಕ್ಕರೆ ಪುಣ್ಯ.

ನನಗೆ ನಿಜವಾಗಿ ಕೋಪ ಬಂದಿರುವುದು ನಿಮ್ಮ ಆಫೀಸಿನ ಆ ಸ್ನೇಹಿತನ ಮೇಲೆ. "ಎರಡು ರೂಮು ಹೋಂಸ್ಟೇ ಮಾಡು, ಇಎಂಐ ತಾನಾಗೇ ಹುಟ್ಟುತ್ತೆ" ಅಂದನಂತೆ. ಬೆಂಗಳೂರಿನಲ್ಲಿ ಕೂತು ತೀರ್ಥಹಳ್ಳಿಯಲ್ಲಿ ಹೋಂಸ್ಟೇ ನಡೆಸಿದವರನ್ನು ಅವನು ನೋಡಿದ್ದಾನಾ? ಮನೆ ಹಿರಿಯರ ಕೋಣೆಯನ್ನು ಬಾಡಿಗೆಗೆ ಬಿಟ್ಟು ಬೇರು ಹುಡುಕೋದು ಹೇಗೆ? ನಿಮ್ಮ ದುಃಖ ಹಸಿಯಾಗಿದ್ದಾಗ ವ್ಯಾಪಾರದ ಮಾತು ಕಿವಿಗೆ ಹಾಕಿದ್ದಾನೆ. ಈ ವಿಷಯದಲ್ಲಿ ಇನ್ನು ಅವನ ಸಲಹೆ ಬೇಡ.

ಇನ್ನೊಂದು ನನ್ನ ಹಳೇ ಹಟ. ಮಳೆಗಾಲದಲ್ಲಿ ನೋಡದ ಮಲೆನಾಡಿನ ಮನೆಗೆ ಅಡ್ವಾನ್ಸ್ ಕೊಡಬೇಡಿ. ನನ್ನ ಸೋದರಮಾವ ಒಂದು ಏಪ್ರಿಲ್‌ನಲ್ಲಿ ಮನೆ ಕೊಂಡರು, ಬಿಸಿಲಿಗೆ ಗೋಡೆ ಗರಿಗರಿ. ಜುಲೈನಲ್ಲಿ ಅಡುಗೆಮನೆ ನೆಲದಿಂದ ನೀರು ಒಸರಿತು, ಮಾಮಿ ಗೋಣಿಚೀಲ ಹಾಸಿಕೊಂಡು ಅಡುಗೆ ಮಾಡಿದರು. ನಿಮ್ಮದು ಆಗುಂಬೆ ಇರುವ ತಾಲ್ಲೂಕು, ಆ ಭಾಗದಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಕಾಗದದ ಮಾತು ಚುಟುಕಾಗಿ ಹೇಳಿಬಿಡ್ತೀನಿ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಆ ಭಯ ಬಿಡಿ. 22 ಗುಂಟೆಯಲ್ಲಿ ಪಹಣಿಯಲ್ಲಿ ಎಷ್ಟಿದೆ, ಬೇಲಿ ಸರಿಸಿ ಸೇರಿಸಿಕೊಂಡದ್ದು ಎಷ್ಟು ಅಂತ ಸರ್ವೆ ಮಾಡಿಸಿ. ಮಲೆನಾಡಿನಲ್ಲಿ ಎಷ್ಟೋ ಬೇಲಿಗಳ ಆಚೆ ಇರುವುದು ಅರಣ್ಯ ಇಲಾಖೆ. 1998ರ ಕ್ರಯಪತ್ರವನ್ನೂ ತೆಗೆಸಿ, ಅದರಲ್ಲಿ ಅತ್ತೆಯ ಸಹಿ ಇದೆಯಾ ನೋಡಿ.

ಆದರೆ ಇದೆಲ್ಲ ಆಮೇಲೆ. ಮೊದಲು ಮಾಡಬೇಕಾದ್ದು ಒಂದೇ. ಬರುವ ಭಾನುವಾರ ಶಿವಮೊಗ್ಗಕ್ಕೆ ಹೋಗಿ ಅತ್ತೆಯನ್ನು ಆ ಮನೆಗೆ ಕರೆದುಕೊಂಡು ಹೋಗಿ. ಹೆಂಡತಿಯೂ ಜೊತೆಗೆ ಬರಲಿ. ಬ್ರೋಕರ್ ಬೇಡ, ಟೇಪು ಬೇಡ, ಫೋಟೋ ಬೇಡ. ಈಗಿರುವವರಿಗೆ ಮೊದಲೇ ಫೋನ್ ಮಾಡಿ, ಅತ್ತೆ ಒಂದು ಸಲ ನೋಡಬೇಕಂತೆ ಅನ್ನಿ, ಯಾರೂ ಬೇಡ ಅನ್ನಲ್ಲ. ಅತ್ತೆ ಎಲ್ಲಿ ಕೂರುತ್ತಾರೋ ಅಲ್ಲಿ ಕೂರಲಿ. ನನ್ನ ಅಂದಾಜು, ಜಗುಲಿಯಲ್ಲಿ ಕೂರಲ್ಲ, ಸೀದಾ ಹಿತ್ತಲಿಗೆ ಹೋಗುತ್ತಾರೆ.

ಆಮೇಲೆ ಕೇಳಿ, ಕೊಳ್ಳಲಾ ಅತ್ತೆ ಅಂತ. ಬೇಕು ಅಂದರೆ ಬಾವಿಗೂ ಬಚ್ಚಲಿಗೂ ಹತ್ತಿರದ ಕೋಣೆ ಅವರದು, ರಾತ್ರಿ ಎದ್ದರೆ ಎರಡು ಹೆಜ್ಜೆಗೆ ಶೌಚಾಲಯ ಸಿಗುವ ಹಾಗೆ ಮಾಡಿಸಿ, ಜೊತೆಗಿರುವುದಕ್ಕೆ ಒಬ್ಬರನ್ನು ಗೊತ್ತು ಮಾಡಿ, ಆ ಖರ್ಚನ್ನೂ 38 ಲಕ್ಷದ ಜೊತೆ ಸೇರಿಸಿಯೇ ಹೆಂಡತಿಯ ಹತ್ತಿರ ಮಾತಾಡಿ. ಸಾಕಪ್ಪ, ಆ ಮನೆ ಸಹವಾಸ ಬೇಡ ಅಂದರೆ ಅಲ್ಲಿಗೆ ಬಿಡಿ. 31 ವರ್ಷ ದುಡಿದವರಿಗೆ ಹಾಗನ್ನುವ ಅಧಿಕಾರ ಇದೆ. ಬದಲಿಗೆ ತಿಂಗಳಿಗೊಂದು ಸಲ ಶಿವಮೊಗ್ಗಕ್ಕೆ ಹೋಗಿ ಬನ್ನಿ.

ಮತ್ತೆ, ಕಾರಿನಲ್ಲಿ ಮುಂದಿನ ಸೀಟು ಅವರಿಗೆ ಕೊಡಿ. ಮಂಡಗದ್ದೆ ದಾಟಿದ ಮೇಲೆ ತಿರುವು ಜಾಸ್ತಿ, ಹಿಂದೆ ಕೂತರೆ ವಯಸ್ಸಾದವರಿಗೆ ತಲೆ ಸುತ್ತುತ್ತದೆ.