ವಯಸ್ಸಾದವರ ಬಿಪಿ ಪ್ರಾಣಾಯಾಮ, ಶವಾಸನದಿಂದ ಇಳಿಯುತ್ತಾ?

ನಿಮ್ಮ ತಾಯಿಗೆ 71 ವರ್ಷ, ಮಾತ್ರೆ ತಗೊಂಡರೂ ಬಿಪಿ 150ರ ಹತ್ತಿರವೇ ಇದೆ, ಪ್ರಾಣಾಯಾಮ, ಶವಾಸನ ಮಾಡಿಸಿದರೆ ಇಳಿಯುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆರು ವರ್ಷದಿಂದ ಅಪ್ಪನ ಬಿಪಿ ಬರೆದಿಡುತ್ತಿರುವ ಮಗಳು.

ಇಳಿಯುತ್ತದೆ, ಆದರೆ ಸ್ವಲ್ಪ. ಮಾತ್ರೆ ಜೊತೆಗೆ ಮಾಡಬೇಕು, ಮಾತ್ರೆ ಬಿಟ್ಟಲ್ಲ. ಅಪ್ಪ ಎಡವಿದ್ದು ಇಲ್ಲೇ. ಒಂದು ದಿನ ಪ್ರಾಣಾಯಾಮ ಮುಗಿಸಿ ಕೂತಲ್ಲೇ ಬಿಪಿ ನೋಡಿಕೊಂಡರು, 132 ಬಂತು. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಮುಂದಿನ ವಾರ 178! ಮಾತ್ರೆಯ ಸ್ಟ್ರಿಪ್ ದಿಂಬಿನ ಕೆಳಗೆ ಹಾಗೇ ಇತ್ತು. ಅಭ್ಯಾಸ ಮುಗಿದ ತಕ್ಷಣ ಬರುವ ನಂಬರ್ ಆ ಹೊತ್ತಿನದು ಮಾತ್ರ. ದಿನಾ ಬೆಳಗ್ಗೆ, ಮಾತ್ರೆಗೆ ಮುಂಚೆ, ಐದು ನಿಮಿಷ ಮಾತಾಡದೆ ಕೂರಿಸಿ ನೋಡಿ. ಒಂದು ವಾರದ್ದು ಬರೆದು ಡಾಕ್ಟರಿಗೆ ತೋರಿಸಿ. ಮಾತ್ರೆ ಹೆಚ್ಚು ಕಡಿಮೆ ಮಾಡೋದು ಅವರಿಗೇ ಬಿಡಿ.

ನಮ್ಮ ಮನೆಯಲ್ಲಿ ಕೊನೆಗೆ ಉಳಿದಿದ್ದು ನಿಧಾನದ ಉಸಿರು. ಒರಗಿ ಕೂರುವ ಕುರ್ಚಿ, ಪಾದ ನೆಲದ ಮೇಲೆ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಉಸಿರು ಬಿಡುವಾಗ ಎದೆಬಡಿತ ನಿಧಾನ ಆಗುತ್ತೆ, ಅದಕ್ಕೇ ಬಿಡುವುದು ಉದ್ದ ಇರಬೇಕು. ಅಪ್ಪ ಎಣಿಸೋಕೆ ಒಪ್ಪಲಿಲ್ಲ. "ನಾನೇನು ಗಡಿಯಾರವಾ?" ಅಂದರು. ಕೊನೆಗೆ ತಾವೇ ದಾರಿ ಕಂಡುಕೊಂಡರು: ಒಳಗೆ ಎಳೆಯುವಾಗ ಮನಸ್ಸಲ್ಲೇ ಎರಡು ಸಲ ನಿಧಾನಕ್ಕೆ "ಶ್ರೀರಾಮ", ಬಿಡುವಾಗ ಮೂರು ಸಲ. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ. ಯಾರೂ ನೆನಪಿಸಬೇಕಾಗಿಲ್ಲ.

ಉಸಿರು ಬಿಗಿಹಿಡಿಯುವುದು, ಜೋರಾಗಿ ಬೇಗ ಬೇಗ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಬೇಡ. ಬಿಪಿ ಇರುವವರಿಗೆ ಅವು ಹೊಂದುವುದಿಲ್ಲ.

ಶವಾಸನ ಸುಮ್ನೆ ಮಲಗೋದು ಅಂತ ನಗಬೇಡಿ. 1969ರಲ್ಲೇ ಬಾಂಬೆಯ ಡಾ. ಕೆ. ಕೆ. ದಾತೆ ಮತ್ತವರ ಜೊತೆಗಾರರು 47 ಬಿಪಿ ರೋಗಿಗಳಿಗೆ ಇದನ್ನು ಮಾಡಿಸಿ ಫಲಿತಾಂಶ ಪ್ರಕಟಿಸಿದ್ದರು. ಹಲವರಲ್ಲಿ ಬಿಪಿ ಇಳಿದಿತ್ತು. ಮಂಡಿ ನೋವಿದ್ದರೆ ಚಾಪೆ ಬೇಡ, ಮಂಚದ ಮೇಲೇ ಆಗುತ್ತೆ. ಏಳುವಾಗ ಮಾತ್ರ ಹುಷಾರು. ಪಕ್ಕಕ್ಕೆ ಹೊರಳಿ, ಒಂದೆರಡು ನಿಮಿಷ ಕೂತು, ಆಮೇಲೆ ನಿಲ್ಲಬೇಕು. ಅಪ್ಪ ಒಮ್ಮೆ ದಡಕ್ಕನೆ ಎದ್ದು, ಕಣ್ಣು ಕತ್ತಲೆ ಬಂದು ಬೀರು ಹಿಡಿದು ನಿಂತಿದ್ದರು.

ಬಿಪಿಯ ಮೇಲಿನ ನಂಬರ್ 180 ದಾಟಿ, ಜೊತೆಗೆ ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು ಕಂಡರೆ ಉಸಿರಾಟದ ಅಭ್ಯಾಸಕ್ಕೆ ಕೂರಿಸಬೇಡಿ. ನೇರ ಆಸ್ಪತ್ರೆಗೆ ಹೊರಡಿ.