ಒಂದೇ ಅಳತೆ, ಆದರೂ ಪುಟ ಜರುಗುವುದೇಕೆ?

ಪ್ರಶ್ನೆ: ನಮ್ಮೂರಿನ ಗ್ರಂಥಾಲಯಕ್ಕೆ ನಾನೇ ಜಾಲತಾಣ ಮಾಡಿದ್ದೇನೆ. ಪುಸ್ತಕಪಟ್ಟಿಯ ಪುಟದಿಂದ ‘ಸಂಪರ್ಕ’ ಪುಟಕ್ಕೆ ಹೋದರೆ ತಲೆಬರಹ, ಮೆನು ಎರಡೂ ತುಸು ಬಲಕ್ಕೆ ಜರುಗುತ್ತವೆ. ಎರಡಕ್ಕೂ ಒಂದೇ ಸಿಎಸ್‌ಎಸ್ ಕಡತ (ಪುಟದ ನೋಟ, ಅಳತೆಗಳನ್ನು ಬರೆದಿಡುವ ಕಡತ). ಮೊಬೈಲಿನಲ್ಲಿ ಈ ತೊಂದರೆ ಇಲ್ಲ. ನನ್ನ ತಪ್ಪೇನು?
– ಓದುಗರು, ಶಿರಸಿ

ಉತ್ತರ: ನಿಮ್ಮ ಅಳತೆಗಳು ಸರಿಯಾಗಿಯೇ ಇವೆ. ಜರುಗಿಸುತ್ತಿರುವುದು ಸ್ಕ್ರೋಲ್‌ಬಾರ್, ಅಂದರೆ ಪುಟವನ್ನು ಮೇಲೆ ಕೆಳಗೆ ಸರಿಸಲು ಬಲ ಅಂಚಿನಲ್ಲಿ ಬರುವ ಕಿರುಪಟ್ಟಿ. ಪುಸ್ತಕಪಟ್ಟಿ ಉದ್ದವಾದ್ದರಿಂದ ಅಲ್ಲಿ ಅದು ಬರುತ್ತದೆ. ನಾಲ್ಕು ಸಾಲಿನ ಸಂಪರ್ಕ ಪುಟಕ್ಕೆ ಬೇಕಾಗುವುದಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಸಾಮಾನ್ಯವಾಗಿ 15ರಿಂದ 17 ಪಿಕ್ಸೆಲ್ ಜಾಗ ಹಿಡಿಯುತ್ತದೆ. ಅದಿಲ್ಲದ ಪುಟ ಅಷ್ಟು ಅಗಲವಾಗಿ, ನಡುವೆ ಕೂರಿಸಿದ ಬರಹ ಅದರ ಅರ್ಧದಷ್ಟು, ಅಂದರೆ ಸುಮಾರು 8 ಪಿಕ್ಸೆಲ್ ಬಲಕ್ಕೆ ಸರಿಯುತ್ತದೆ. ಮೊಬೈಲಿನಲ್ಲಿ ಸ್ಕ್ರೋಲ್‌ಬಾರ್ ಬರಹದ ಮೇಲೆಯೇ ತೇಲುವುದರಿಂದ ಜಾಗ ಕೇಳುವುದಿಲ್ಲ.

ನಾನು ಮುದ್ರಣಾಲಯದಲ್ಲಿ ಪುಟ ಕಟ್ಟುತ್ತಿದ್ದವನು. ಅಚ್ಚಾದ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂಬದಿಯ ಅಂಚು ಮುಂಬದಿಯ ಅಂಚಿಗೆ ಕೂಡುತ್ತದೆಯೇ ಎಂದು ನೋಡುತ್ತಿದ್ದೆವು. ಆದ್ದರಿಂದ 8 ಪಿಕ್ಸೆಲ್ ಎಂದರೆ ನನಗೆ ಸಣ್ಣದಲ್ಲ. ನಿಮ್ಮ ಕಣ್ಣಿಗೆ ಅದು ಬಿದ್ದದ್ದು ಸಂತೋಷ. ಆದರೆ ಸಂಪರ್ಕ ಪುಟದ ಎಡ ಅಂಚನ್ನು ಮಾತ್ರ ಕಡಿಮೆ ಮಾಡಿ ಸರಿದೂಗಿಸಲು ಹೋಗಬೇಡಿ. ಒಂದು ಸಹಕಾರ ಸಂಘದ ತಾಣಕ್ಕೆ ನಾನು ಹಾಗೆ ಮಾಡಿದ್ದೆ. ಆ ಪುಟಕ್ಕೆ ಹೊಸ ಸೂಚನೆಗಳು ಸೇರಿ ಉದ್ದವಾದ ದಿನ ತಲೆಬರಹ ಎಡಕ್ಕೆ ಹೋಗಿ ನಿಂತಿತು.

ಸ್ಕ್ರೋಲ್‌ಬಾರ್ ಬರಲಿ ಬಿಡಲಿ, ಅದರ ಜಾಗವನ್ನು ಮೊದಲೇ ಕಾದಿರಿಸಿ. ಸಿಎಸ್‌ಎಸ್ ಕಡತದಲ್ಲಿ, ಇಡೀ ಪುಟವನ್ನು ಒಳಗೊಳ್ಳುವ ‘ಎಚ್‌ಟಿಎಂಎಲ್’ (html) ಅಂಶಕ್ಕೆ ‘ಸ್ಕ್ರೋಲ್‌ಬಾರ್-ಗಟರ್: ಸ್ಟೇಬಲ್’ (scrollbar-gutter: stable) ಎಂಬ ಒಂದು ಸಾಲು ಸಾಕು. ಕ್ರೋಮ್ ಇದನ್ನು 2021ರಲ್ಲಿ, ಫೈರ್‌ಫಾಕ್ಸ್ 2022ರಲ್ಲಿ, ಸಫಾರಿ 2024ರ ಕೊನೆಗೆ ಒಪ್ಪಿಕೊಂಡವು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹಳೆಯ ಬ್ರೌಸರ್ ಇದ್ದರೆ ಆ ಸಾಲಿನ ಬದಲು ‘ಓವರ್‌ಫ್ಲೋ-ವೈ: ಸ್ಕ್ರೋಲ್’ (overflow-y: scroll) ಬರೆಯಿರಿ. ಆಗ ಚಿಕ್ಕ ಪುಟದಲ್ಲಿಯೂ ಖಾಲಿ ಸ್ಕ್ರೋಲ್‌ಬಾರ್ ಕಾಣುತ್ತದೆ, ನೋಟಕ್ಕೆ ಅಷ್ಟು ಚೆನ್ನಲ್ಲ, ಆದರೆ ಪುಟ ಕದಲುವುದಿಲ್ಲ.

ಸ್ಕ್ರೋಲ್‌ಬಾರನ್ನೇ ಅಡಗಿಸಿಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಪಟ್ಟಿ ಇನ್ನೆಷ್ಟಿದೆ ಎಂದು ತಿಳಿಯುವುದು ಅದರಿಂದಲೇ; ಮೌಸಿನಲ್ಲಿ ಅದನ್ನು ಹಿಡಿದೆಳೆದೇ ಓದುವ ಹಿರಿಯರು ನಿಮ್ಮಲ್ಲಿಗೂ ಬರುತ್ತಿರಬಹುದು.

ಸಾಲು ಸೇರಿಸಿದ ಮೇಲೆ ಎರಡೂ ಪುಟಗಳನ್ನು ಅಕ್ಕಪಕ್ಕದ ಟ್ಯಾಬ್‌ಗಳಲ್ಲಿ ತೆರೆದು ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಹೋಗಿ ಬನ್ನಿ. ತಲೆಬರಹ ನಿಂತಲ್ಲೇ ನಿಂತಿರಬೇಕು.