ಬೇರೆ ಬೇರೆ ಕಡೆಯ ಕನ್ನಡದವರು ಮದುವೆಯಾದರೆ ಮನೆಯಲ್ಲಿ ಯಾರ ಕನ್ನಡ ಉಳಿಯುತ್ತದೆ?

ನೀವು ಕೇಳಿದ್ದು ಇಷ್ಟು: ಹುಡುಗ ಹಳೆ ಮೈಸೂರು ಕಡೆಯವನು, ಹುಡುಗಿ ಉತ್ತರ ಕರ್ನಾಟಕದವಳು, ಸಂಸಾರ ಬೆಂಗಳೂರಲ್ಲಿ. ಮಕ್ಕಳ ಬಾಯಲ್ಲಿ ಅಪ್ಪನ ಮಾತು ಬರುತ್ತದೋ, ಅಮ್ಮನ ಮಾತೋ?

ನಮ್ಮ ಮನೆ ಹೀಗೇ ಇದೆ. ನಾನು ಗದಗ ಕಡೆಯವಳು, ನಮ್ಮ ಮನೆಯವರು ತುಮಕೂರಿನವರು. ಮದುವೆಯಾಗಿ 11 ವರ್ಷ, ಮಗಳಿಗೆ ಈಗ 8. ನಾನು ಕಂಡ ಹಾಗೆ ಉಳಿಯುವುದು ಅಪ್ಪನದ್ದೂ ಅಲ್ಲ, ಅಮ್ಮನದ್ದೂ ಅಲ್ಲ. ಅಡುಗೆಮನೆಯ ಮಾತಿನ ಮಟ್ಟಿಗಂತೂ ದಿನಸಿ ಅಂಗಡಿಯವರು ಏನು ಬರೆಯುತ್ತಾರೋ ಅದೇ ಉಳಿಯುತ್ತದೆ.

ಜೋಳದಿಂದ ಶುರು ಮಾಡುತ್ತೇನೆ. ಮದುವೆಯಾದ ಹೊಸದರಲ್ಲಿ ರೊಟ್ಟಿ ಮಾಡೋಣ ಅಂತ ಇವರಿಗೆ ಜೋಳದ ಹಿಟ್ಟು ತರಲು ಹೇಳಿದೆ. ತಂದರು. ಎಸರಿಟ್ಟು, ಕುದಿಯುವ ನೀರು ಹಾಕಿ ನಾದಿದರೆ ಹಿಟ್ಟು ಹಳದಿ. ಬಡಿಯಲು ಹೋದರೆ ಅಂಚೆಲ್ಲ ಒಡೆದು ಕೈಗೆ ಬಂತು. ಅದು ಮೆಕ್ಕೆಜೋಳದ ಹಿಟ್ಟು! ನಮ್ಮ ಕಡೆ ಜೋಳ ಅಂದರೆ ಬಿಳಿಜೋಳವೇ, ಬಿಡಿಸಿ ಹೇಳುವುದೇ ಬೇಡ. ಇನ್ನೊಂದಕ್ಕೆ ಗೋವಿನಜೋಳ, ಗೊಂಜಾಳ ಅನ್ನುತ್ತೇವೆ. ಇವರಿಗೆ ಜೋಳ ಅಂದ ತಕ್ಷಣ ನೆನಪಾಗುವುದು ಮುಸುಕಿನ ಜೋಳ. ಕೆಂಡದ ಮೇಲೆ ಸುಟ್ಟು ಉಪ್ಪು, ಖಾರ, ನಿಂಬೆಹಣ್ಣು ಸವರಿ ಕೊಡುತ್ತಾರಲ್ಲ, ಅದು. ನಾನು ಕೇಳಿದ್ದೂ ಸರಿ, ಅವರು ತಂದಿದ್ದೂ ಸರಿ. ಪ್ಯಾಕೆಟ್ ಮೇಲೆ ಕನ್ನಡದಲ್ಲಿ ‘ಜೋಳದ ಹಿಟ್ಟು’ ಅಂತಷ್ಟೇ ಇತ್ತು.

ಅವತ್ತಿನಿಂದ ಅಂಗಡಿಯ ಚೀಟಿಗಳನ್ನು ಗಮನವಿಟ್ಟು ಓದುವುದು ನನಗೆ ರೂಢಿಯಾಯಿತು. ನಮ್ಮ ಏರಿಯಾದ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಶೇಂಗಾ ಇರುವ ಕಡೆ ‘ಪೀನಟ್ಸ್’ ಅಂತ ಬರೆದಿದ್ದಾರೆ. ಅಗಸಿ ಇರುವ ಕಡೆ ‘ಫ್ಲ್ಯಾಕ್ಸ್ ಸೀಡ್ಸ್’. ಅಕ್ಷರ ಕನ್ನಡದ್ದೇ, ಆದರೆ ಪದ ನಮ್ಮದಲ್ಲ. ನಾಮಫಲಕದಲ್ಲಿ 60% ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಬೀದಿಯ ಬೋರ್ಡುಗಳು ಬದಲಾದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಬಾಗಿಲು ದಾಟಿ ಒಳಗೆ ಹೋದರೆ ಮಾತ್ರ ಬೇಜಾರು. ಪ್ಯಾಕೆಟ್ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು ಅನ್ನುವ 2011ರ ಕೇಂದ್ರ ನಿಯಮಗಳು, ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ ಅಂತಲೂ ಹೇಳುತ್ತವೆ. ಅಂದರೆ ಹಾಕುವುದೂ ಬಿಡುವುದೂ ಮಾರುವವರ ಇಷ್ಟ, ಅಲ್ವಾ?

ಕಳೆದ ವರ್ಷ ಊರಿಂದ ಅವ್ವ ಬಂದಿದ್ದಳು. ಅವಳಿಗೆ ಓದಲು ಬರುವುದು ಕನ್ನಡ ಒಂದೇ. ಅಂಗಡಿಯಲ್ಲಿ ಕೆಲಸದ ಹುಡುಗನನ್ನು ಕೇಳಿದಳು: “ತಮ್ಮಾ, ಗುರೆಳ್ಳು ಎಲ್ಲಿ ಇಟ್ಟೀರಿ?” ಅವನಿಗೆ ತಿಳಿಯಲಿಲ್ಲ. “ಕರ್ರಗ ಇರ್ತಾವಲ್ಲ, ಚಟ್ನಿಪುಡಿ ಮಾಡ್ತಾರಲ್ಲ” ಅಂದಳು. ಪಾಪ, ಹುಡುಕಿ ಕರಿ ಎಳ್ಳಿನ ಪ್ಯಾಕೆಟ್ ತಂದುಕೊಟ್ಟ. ಅವ್ವ ತಿರುಗಿಸಿ ನೋಡಿ ವಾಪಸ್ ಕೊಟ್ಟಳು. ಮುಂದಿನ ಸಾಲಿನಲ್ಲಿ ಕಂದು ಬಣ್ಣದ ನುಣುಪು ಬೀಜ ಕಂಡು ನಿಂತಳು. “ಯವ್ವಾ, ಇದು ಅಗಸಿ ಅಲ್ಲೇನ? ಮತ್ತ ಹೆಸರು ಬ್ಯಾರೇನ ಐತಲ್ಲ.” ಜೀವನವಿಡೀ ಅಗಸಿ ಹುರಿದು ಕುಟ್ಟಿದ ಕೈ ಅದು. ಆ ಕೈಯಲ್ಲಿ ಪ್ಯಾಕೆಟ್ ಹಿಡಿದು ಅವಳು ಅನುಮಾನದಿಂದ ನನ್ನ ಮುಖ ನೋಡಿದ್ದು ನನಗೆ ಇವತ್ತಿಗೂ ಸಂಕಟ.

ಗುರೆಳ್ಳು ಸಿಗಲಿಲ್ಲ ಅಂತ ಮನೆಗೆ ಬಂದು ಹೇಳಿದರೆ, ಅತ್ತೆ ಊರಿಂದ ತಂದಿದ್ದ ಸ್ಟೀಲ್ ಡಬ್ಬಿ ಇಳಿಸಿದರು. “ಇದಾ ನೋಡಿ” ಅಂತ ಅವ್ವನ ಅಂಗೈಗೆ ಸುರಿದರು. ಸಣ್ಣ, ಉದ್ದನೆಯ, ಹೊಳೆಯುವ ಕರಿ ಕಾಳು. ಅವ್ವ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, “ಅಕ್ಕಾರ, ಇದ ನೋಡ್ರಿ ಗುರೆಳ್ಳು!” ಅಂದಳು. ಅತ್ತೆ, “ನಾವು ಹುಚ್ಚೆಳ್ಳು ಅಂತೀವಿ” ಅಂದರು. ಅಷ್ಟು ವರ್ಷ ಅತ್ತೆಯ ಬಾಯಲ್ಲಿ ಆ ಹೆಸರು ಕೇಳಿಯೂ, ಅದು ಬೇರೆ ಯಾವುದೋ ಎಳ್ಳು ಅಂತಲೇ ನಾನು ತಿಳಿದಿದ್ದೆ. ಅವತ್ತು ಸಂಜೆ ಇಬ್ಬರೂ ಸೇರಿ ಪುಡಿ ಮಾಡಿದರು. ಅವ್ವನದ್ದು ಬಳ್ಳೊಳ್ಳಿ ಮುಂದು, ಅತ್ತೆಯದ್ದು ಕೊಬ್ಬರಿ ಮುಂದು. ತಿಪಟೂರಿನ ಸೀಮೆಯವರು ಕೊಬ್ಬರಿ ಬಿಡುತ್ತಾರಾ? ಬ್ಯಾಡಗಿ ಮೆಣಸಿನಕಾಯಿ ವಿಷಯದಲ್ಲಿ ಇಬ್ಬರದ್ದೂ ಒಂದೇ ಮಾತು. ಮಗಳು ಪಕ್ಕದಲ್ಲೇ ಕೂತು ಒಂದೇ ಕಾಳಿಗೆ ಎರಡು ಹೆಸರು ಕಲಿತಳು. ಅಲ್ಲಿಯವರೆಗೆ ಅವಳಿಗೆ ಅಗಸಿ ಅಂದರೆ ‘ಫ್ಲ್ಯಾಕ್ಸ್’ ಮಾತ್ರ ಆಗಿತ್ತು.

ಚುರುಮುರಿ ವಿಷಯದಲ್ಲಿ ಈಗಲೂ ಗೊಂದಲ ಇದ್ದೇ ಇದೆ. ನಮಗದು ಬರೀ ಅಕ್ಕಿಯ ಪುರಿ, ಇಲ್ಲಿ ಖಾರ, ಈರುಳ್ಳಿ, ಕ್ಯಾರೆಟ್ ತುರಿ ಹಾಕಿ ಕಲಸಿ ಕೊಟ್ಟರೆ ಚುರುಮುರಿ. ದಾವಣಗೆರೆಯವರು ಬಂದರೆ ಮಂಡಕ್ಕಿ ಅನ್ನುತ್ತಾರೆ.

ಇನ್ನು ಮಾತಿನ ಧಾಟಿ. ಅದು ಶಾಲೆಯಿಂದ, ಗೆಳತಿಯರಿಂದ ಬರುತ್ತದೆ, ಹಾಗಾಗಿ ಮಗಳದ್ದು ಬೆಂಗಳೂರು ಕನ್ನಡವೇ. ಅದರ ಬಗ್ಗೆ ನನಗೆ ಬೇಸರವಿಲ್ಲ. ಅವ್ವನ ಜೊತೆ ಫೋನಿನಲ್ಲಿ ಮಾತ್ರ ತಾನಾಗಿಯೇ “ಊಟ ಆತೇನ್ರಿ ಆಯಿ?” ಅಂತ ಬದಲಾಗುತ್ತಾಳೆ. ನಾನು ಹೇಳಿಕೊಟ್ಟಿದ್ದಲ್ಲ. ಕಡ್ಲೆಕಾಯಿ ಅಂದರೆ ತಪ್ಪು, ಶೇಂಗಾ ಅಂದರೆ ಸರಿ ಅಂತ ಅವಳಿಗೆ ಯಾವತ್ತೂ ಹೇಳುವುದಿಲ್ಲ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಗೆ ಹೋಗುವುದು ಕಡಲೆಕಾಯಿ ಪರಿಷೆಗೇ. ಆ ಹೆಸರೂ ಅವಳದ್ದೇ.

ನಿಮಗೆ ನನ್ನ ಸಲಹೆ ಒಂದೇ. ನಮ್ಮ ಹೆಸರುಗಳನ್ನೂ ಹಾಕಿ ಅಂತ ದೊಡ್ಡ ಅಂಗಡಿಗಳ ಗ್ರಾಹಕರ ಪುಸ್ತಕದಲ್ಲಿ ಬರೆಯಿರಿ, ನಾನೂ ಎರಡು ಸಲ ಬರೆದೆ, ಇನ್ನೂ ಏನೂ ಬದಲಾಗಿಲ್ಲ. ಬರೆಯುತ್ತಲೇ ಇರುತ್ತೇನೆ. ಆದರೆ ಮೊದಲು ನಿಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ನಮ್ಮ ಬೀದಿ ಕೊನೆಯ ಅಂಗಡಿಯವರಿಗೆ, “ಅಣ್ಣಾ, ಮೂಟೆಗೆ ಸಿಗಿಸಿದ ರಟ್ಟಿನ ಮೇಲೆ ಎರಡೂ ಹೆಸರು ಬರೆದರೆ ನಮ್ಮ ಅವ್ವನಂಥವರಿಗೆ ಅನುಕೂಲ” ಅಂದೆ. “ನೀವೇ ಬರ್ಕೊಡಿ ಅಕ್ಕ” ಅಂತ ಮಾರ್ಕರ್ ಕೈಗೆ ಕೊಟ್ಟರು. ಮಗಳು ಕಿತ್ತುಕೊಂಡು ತಾನೇ ಬರೆದಳು. ಶೇಂಗಾ – ಕಡ್ಲೆಬೀಜ. ಗುರೆಳ್ಳು – ಹುಚ್ಚೆಳ್ಳು. ಉಳ್ಳಾಗಡ್ಡಿ – ಈರುಳ್ಳಿ.

ಮೂರು ವಾರ ಬಿಟ್ಟು ಹೋದಾಗ ಉಳ್ಳಾಗಡ್ಡಿ ರಟ್ಟಿನ ಮೇಲೆ ಇನ್ನೊಂದು ಹೆಸರು ಸೇರಿತ್ತು, ಬೇರೆ ಕೈಬರಹದಲ್ಲಿ: ನೀರುಳ್ಳಿ. ಯಾರೋ ಕರಾವಳಿಯವರು ಬರೆದು ಹೋದರಂತೆ.